ಮದ್ದು, ಮಸಿ, ತುಕ್ಕು: ಹಳೆಯ ಬಂದೂಕಿನ ಆರೈಕೆಯ ಕಥೆ

ಸಿರಸಂಗಿ ಎಂದೊಡನೆ ನಿಮಗೆ ಎರಡು ಹೆಸರುಗಳು ನೆನಪಾಗುತ್ತವೆ. ಒಂದು, ಸವದತ್ತಿ ತಾಲ್ಲೂಕಿನ ಈ ಊರಿನಲ್ಲಿ ನೆಲೆಸಿರುವ ಕಾಳಮ್ಮನದು. ಇನ್ನೊಂದು, ದೇಸಗತಿಯ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬಿಟ್ಟುಕೊಟ್ಟ ತ್ಯಾಗವೀರ ಲಿಂಗರಾಜ ದೇಸಾಯಿಯವರದು (1861–1906). ಈ ಎರಡು ಹೆಸರುಗಳ ನಡುವೆ ಬಂದೂಕಿಗೇನು ಕೆಲಸ ಎಂದು ನೀವು ಕೇಳಬಹುದು. ಕೆಲಸವಿದೆ, ಓದುಗರೇ.

ಕಾಳಮ್ಮ ವಿಶ್ವಕರ್ಮರ ಆರಾಧ್ಯ ದೇವತೆ. ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನ ಎಂಬ ಐದು ಕಸುಬಿನವರು ಅವಳಿಗೆ ನಡೆದುಕೊಳ್ಳುತ್ತಾರೆ. ಈಗ ಇನ್ನೂರು ವರ್ಷಗಳ ಹಿಂದಿನ ಒಂದು ಬಂದೂಕನ್ನು ಮನಸ್ಸಿನಲ್ಲೇ ಬಿಚ್ಚಿ ನೋಡಿ. ಅದರ ನಳಿಗೆ ಕಮ್ಮಾರನ ಕೆಲಸ. ಹೆಗಲಿಗೆ ಆನಿಸುವ ಮರದ ಹಿಡಿ ಬಡಿಗನ ಕೆಲಸ. ಹಿಡಿಯ ಬುಡಕ್ಕೆ ಹೊಡೆದ ಹಿತ್ತಾಳೆಯ ಪಟ್ಟಿ ಕಂಚುಗಾರನದು. ಕಿಡಿ ಹಾರಿಸುವುದಕ್ಕೆ ಚಕಮಕಿ ಕಲ್ಲು ಬೇಕು. ಸಿರಿವಂತರ ವಾಡೆಯ ಬಂದೂಕಾದರೆ ಮೇಲೆ ಚಿನ್ನ ಬೆಳ್ಳಿಯ ಕುಸುರಿಯೂ ಉಂಟು. ಐದೂ ಕಸುಬುಗಳು ಒಂದೇ ವಸ್ತುವಿನಲ್ಲಿ ಕೂಡಿವೆ. ಇಪ್ಪತ್ತನೆಯ ಶತಮಾನ ಇವುಗಳ ಜೊತೆಗೆ ಆರನೆಯದೊಂದನ್ನು ತಂದು ಸೇರಿಸಿತು. ಅದು ಪ್ಲಾಸ್ಟಿಕ್. ಮರದ ಹಿಡಿಯ ಜಾಗದಲ್ಲಿ ಪ್ಲಾಸ್ಟಿಕ್ ಹಿಡಿ ಬಂದ ಮೇಲೆ, 'ಇನ್ನು ಇದಕ್ಕೆ ಆರೈಕೆ ಬೇಕಿಲ್ಲ' ಎಂಬ ನಂಬಿಕೆಯೂ ಅದರ ಬೆನ್ನಿಗೇ ಬಂತು. ಆ ನಂಬಿಕೆ ಎಷ್ಟು ಸರಿ? ಇದಕ್ಕೆ ಉತ್ತರ ಬೇಕಾದರೆ ಇತಿಹಾಸವನ್ನೂ ನೋಡಬೇಕು, ಸ್ವಲ್ಪ ರಸಾಯನಶಾಸ್ತ್ರವನ್ನೂ ನೋಡಬೇಕು.

ಕಿತ್ತೂರಿನ ಮದ್ದು

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡಿಗೆ ಬಲಿಯಾದ. ಗುಂಡು ಹಾರಿಸಿದವನು ಅಮಟೂರು ಬಾಳಪ್ಪ ಎಂದು ನಾಡಿನ ಜನ ನಂಬಿದ್ದಾರೆ. ಡಿಸೆಂಬರ್ ತಿಂಗಳಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ಬೈಲಹೊಂಗಲದ ಸೆರೆಯಲ್ಲಿ ರಾಣಿ ಚೆನ್ನಮ್ಮ 1829ರಲ್ಲಿ ಕೊನೆಯುಸಿರೆಳೆದಳು. 1831ರ ಜನವರಿಯಲ್ಲಿ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು. ಇದೆಲ್ಲ ನಿಮಗೆ ಗೊತ್ತಿರುವ ಸಂಗತಿ. ಕೋಟೆಯ ಮದ್ದಿನಲ್ಲಿ ದ್ರೋಹಿಗಳು ಸೆಗಣಿ ಬೆರೆಸಿದರು, ಆದ್ದರಿಂದ ಕಿತ್ತೂರು ಸೋತಿತು ಎಂದು ಈ ಸೀಮೆಯ ಜನ ಹೇಳುವುದನ್ನೂ ನೀವು ಕೇಳಿರಬಹುದು. ಅದು ಜನರ ಬಾಯಲ್ಲಿ ಉಳಿದ ಕಥೆ. ಆದರೆ ಆ ಕಥೆ ಕಟ್ಟಿದವರಿಗೆ ಮದ್ದಿನ ಗುಣ ಚೆನ್ನಾಗಿ ತಿಳಿದಿತ್ತು. ಒದ್ದೆ ಮತ್ತು ಕಲಬೆರಕೆ, ಇವೆರಡೇ ಮದ್ದಿನ ದೊಡ್ಡ ಶತ್ರುಗಳು.

ಆ ಕಾಲದ ಕರಿ ಮದ್ದಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಇರುತ್ತಿತ್ತು. ಈ ಮದ್ದು ಉರಿದಾಗ ಎಲ್ಲವೂ ಹೊಗೆಯಾಗಿ ಹಾರಿಹೋಗುವುದಿಲ್ಲ. ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಘನ ಪದಾರ್ಥವಾಗಿಯೇ ಉಳಿಯುತ್ತದೆ. ಅದರಲ್ಲಿ ಒಂದಿಷ್ಟು ದಟ್ಟ ಹೊಗೆಯ ಜೊತೆ ಹೊರಬೀಳುತ್ತದೆ, ಉಳಿದದ್ದು ನಳಿಗೆಯ ಒಳಮೈಗೆ ಮಸಿಯಾಗಿ ಅಂಟಿಕೊಳ್ಳುತ್ತದೆ. ಈ ಮಸಿಯಲ್ಲಿರುವುದು ಪೊಟ್ಯಾಸಿಯಂನ ಲವಣಗಳು. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದನ್ನು ನೀವು ನೋಡಿದ್ದೀರಿ. ಈ ಮಸಿಯೂ ಹಾಗೆಯೇ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ತೇವ, ಉಪ್ಪು, ಕಬ್ಬಿಣ ಮೂರೂ ಸೇರಿದಲ್ಲಿ ತುಕ್ಕು ತಪ್ಪಿದ್ದಲ್ಲ.

ಆದ್ದರಿಂದಲೇ ಕಂಪನಿಯ ಸಿಪಾಯಿಯ ಬಂದೂಕಿನ ನಳಿಗೆ ಸುಮಾರು 19 ಮಿಲಿಮೀಟರ್ ಅಗಲವಿದ್ದರೆ ಅದರ ಗುಂಡು ಸುಮಾರು 17.5 ಮಿಲಿಮೀಟರ್ ಮಾತ್ರ ಇರುತ್ತಿತ್ತು. ಹತ್ತಾರು ಸಲ ಹಾರಿಸಿ ಮಸಿ ಕಟ್ಟಿದ ಮೇಲೂ ಗುಂಡು ಒಳಗೆ ಇಳಿಯಬೇಕಲ್ಲ! ಗುರಿ ತಪ್ಪುವುದನ್ನು ಸಹಿಸಿಕೊಂಡರು, ಮಸಿಗೆ ಮಾತ್ರ ಜಾಗ ಬಿಟ್ಟರು. ಯುದ್ಧ ಮುಗಿದ ಮೇಲೆ ನಳಿಗೆಗೆ ನೀರು ಹೊಯ್ದು, ಕಡ್ಡಿಗೆ ಬಟ್ಟೆ ಸುತ್ತಿ ತಿಕ್ಕಿ, ಒಣಗಿಸಿ, ಎಣ್ಣೆ ಸವರುವುದು ಸಿಪಾಯಿಯ ನಿತ್ಯದ ಕೆಲಸವಾಗಿತ್ತು. ನೀರು ತುಕ್ಕಿಗೆ ಮೂಲ ಎಂದು ನಾವೆಲ್ಲ ಕಲಿತಿದ್ದೇವೆ. ಆದರೆ ಉಪ್ಪನ್ನು ಕರಗಿಸಿ ತೆಗೆಯುವ ಶಕ್ತಿ ನೀರಿಗೇ ಇದೆ, ಎಣ್ಣೆಗಿಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಮತ್ತೆ ಬೇಕಾಗುತ್ತದೆ.

ಹೊಳಪಿನ ಹುಚ್ಚೂ ಆಗ ಇತ್ತು. ಪರೇಡಿನಲ್ಲಿ ನಳಿಗೆ ಥಳಥಳಿಸಬೇಕೆಂದು ಇಟ್ಟಿಗೆ ಪುಡಿಯಿಂದ ಉಜ್ಜಿಸುತ್ತಿದ್ದರು. ವರ್ಷಗಟ್ಟಲೆ ಉಜ್ಜಿದ ನಳಿಗೆ ಸವೆದು ತೆಳುವಾಗುತ್ತಿತ್ತು. ಹಿತ್ತಾಳೆ ತಂಬಿಗೆ ಬೆಳಗಿದ ಹಾಗೆ ಬಂದೂಕು ಬೆಳಗಬಾರದು ಎಂಬ ಪಾಠಕ್ಕೆ ಇಷ್ಟು ವಯಸ್ಸಾಗಿದೆ.

ಜಿಡ್ಡಿನಿಂದ ಎದ್ದ ಬೆಂಕಿ

ಬಂದೂಕಿನ ಆರೈಕೆಯ ಒಂದು ಸಣ್ಣ ಸಂಗತಿ ದೇಶದ ಇತಿಹಾಸವನ್ನೇ ತಿರುಗಿಸಿದ್ದು 1857ರಲ್ಲಿ. ಹೊಸ ಎನ್‌ಫೀಲ್ಡ್ ರೈಫಲಿನ ನಳಿಗೆಯೊಳಗೆ ಸುರುಳಿ ಗೆರೆಗಳಿದ್ದವು. ಗುಂಡು ಬಿಗಿಯಾಗಿ ಇಳಿಯಬೇಕಿತ್ತು. ಮಸಿಯನ್ನು ಮೆತ್ತಗಾಗಿಸಿ ಗುಂಡು ಜಾರಿ ಹೋಗುವಂತೆ ಮಾಡಲು ತೋಟಾದ ಕಾಗದಕ್ಕೆ ಜಿಡ್ಡು ಸವರುತ್ತಿದ್ದರು. ಆ ಕಾಗದವನ್ನು ಹಲ್ಲಿನಿಂದ ಹರಿಯಬೇಕಾಗಿತ್ತು. ಜಿಡ್ಡು ಹಸುವಿನದೋ ಹಂದಿಯದೋ ಎಂಬ ಸಂಶಯ ಸಿಪಾಯಿಗಳಲ್ಲಿ ಹಬ್ಬಿತು. ಆ ವರ್ಷದ ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ ಎದ್ದು ನಿಂತ. ಆ ದಂಗೆಗೆ ಕಾರಣಗಳು ಹಲವು ಇದ್ದವು. ಆದರೆ ಕಿಡಿ ಬಿದ್ದದ್ದು ಆ ಜಿಡ್ಡಿನ ಮೇಲೆ.

ಅದರ ಬಿಸಿ ನಮ್ಮ ಸೀಮೆಗೂ ತಟ್ಟಿತು. ಜನ ತಮ್ಮ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆ ಬಂದಾಗ ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು ಒಪ್ಪಲಿಲ್ಲ. ಆಯುಧ ಅವರ ಅನ್ನವೂ ಆಗಿತ್ತು, ಮಾನವೂ ಆಗಿತ್ತು. 1857ರ ನವೆಂಬರಿನಲ್ಲಿ ಸೈನ್ಯ ಊರನ್ನು ಮುತ್ತಿತು, ಮನೆಗಳು ಸುಟ್ಟವು, ಹಿಡಿದವರಲ್ಲಿ ಹಲವರನ್ನು ನೇಣಿಗೆ ಹಾಕಿದರು. ಲಾವಣಿಕಾರರು ಆ ಕಥೆಯನ್ನು ಮರೆಯಗೊಡಲಿಲ್ಲ. ಮರುವರ್ಷ ಮೇ ತಿಂಗಳ ಕೊನೆಯಲ್ಲಿ, ಇಂದಿನ ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ನರಗುಂದದವರ ಕೈಯಲ್ಲಿ ಹತನಾದ. ನರಗುಂದದ ಬಾಬಾಸಾಹೇಬನನ್ನು 1858ರ ಜೂನಿನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

1878ರ ಆಯುಧ ಕಾಯಿದೆಯ ನಂತರ ಬಂದೂಕು ಎಂಬುದು ಲೈಸೆನ್ಸಿನ ವಸ್ತುವಾಯಿತು. ಕೊಡವರಿಗೆ ವಿನಾಯಿತಿ ದೊರೆಯಿತು. ಅದು ಇಂದಿಗೂ ಇದೆ. ಈಗಿನ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಗಳಿಗೆಂದು ಮುಂದುವರಿಸಲಾಗಿದೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿಯನ್ನು ಶುಚಿಮಾಡಿ, ಹೂವಿಟ್ಟು ಪೂಜಿಸುತ್ತಾರೆ. ನಮ್ಮ ಕಡೆ ಪರವಾನಗಿ ಸಿಕ್ಕ ಕೆಲವೇ ಮನೆಗಳಲ್ಲಿ ಬಂದೂಕು ಉಳಿಯಿತು, ಅಜ್ಜನಿಂದ ಮೊಮ್ಮಗನಿಗೆ ಬಂತು. ಇಂದು ಹಂದಿ ಕಾಟದಿಂದ ಬೆಳೆ ಕಾಯಲೆಂದು ಪರವಾನಗಿ ಪಡೆದ ರೈತರೂ ಇದ್ದಾರೆ. ಆ ಬಂದೂಕು ಹೊರಗೆ ಬರುವುದು ವರ್ಷಕ್ಕೊಮ್ಮೆ, ಖಂಡೇ ಪೂಜೆಯ ದಿನ. ಅಪಾಯವೂ ಹೆಚ್ಚಾಗಿ ಅಲ್ಲಿಯೇ ಇದೆ.

ಬಿಸಿ ನೀರಿನ ಗುಟ್ಟು

19ನೆಯ ಶತಮಾನದ ಕೊನೆಗೆ ಹೊಗೆಯಿಲ್ಲದ ಮದ್ದು ಬಂತು. .303 ರೈಫಲುಗಳು ಅದನ್ನು ಬಳಸಿದವು. ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ತಯಾರಾದ ಈ ರೈಫಲುಗಳು ನಮ್ಮ ಪೊಲೀಸರ ಹೆಗಲ ಮೇಲೆ ಹಲವು ದಶಕ ಇದ್ದವು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಜನವರಿ 26ರಂದು. ಹೊಸ ಮದ್ದಿನಲ್ಲಿ ಮಸಿ ಕಡಿಮೆ. ಹಾಗಾದರೆ ತುಕ್ಕು ಕಡಿಮೆಯಾಗಬೇಕಿತ್ತು. ಆಗಲಿಲ್ಲ! ನಳಿಗೆಗಳು ಮೊದಲಿಗಿಂತ ಬೇಗ ಒಳಗೊಳಗೇ ಗುಳಿ ಬಿದ್ದವು.

ಕಾರಣ ತೋಟಾದ ಬುಡದಲ್ಲಿತ್ತು. ಕಿಡಿ ಹೊತ್ತಿಸುವ ಪುಟ್ಟ ಬಟ್ಟಲಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಎಂಬ ವಸ್ತುವಿರುತ್ತಿತ್ತು. ಅದು ಉರಿದಾಗ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ನಾವು ಉಣ್ಣುವ ಉಪ್ಪಿನ ಒಡಹುಟ್ಟು. ನಳಿಗೆಯೊಳಗೆ ಅದು ಕಣ್ಣಿಗೆ ಕಾಣುವುದಿಲ್ಲ. ಮೇಲೆ ಎಷ್ಟು ಎಣ್ಣೆ ಸವರಿದರೂ ಕರಗುವುದಿಲ್ಲ. ಎಣ್ಣೆಯ ಕೆಳಗೆ ಕೂತು ಕಬ್ಬಿಣವನ್ನು ತಿನ್ನುತ್ತದೆ. ಅದಕ್ಕೇ ಬ್ರಿಟಿಷ್ ಸೈನ್ಯದಲ್ಲಿ ಆಲಿಕೆಯಿಟ್ಟು ಕುದಿಯುವ ನೀರನ್ನು ನಳಿಗೆಯಲ್ಲಿ ಹಾಯಿಸುವ ಪದ್ಧತಿ ಇತ್ತು. ನೀರು ಉಪ್ಪನ್ನು ಕರಗಿಸಿ ಒಯ್ಯುತ್ತದೆ. ಕಾದ ನಳಿಗೆ ತಾನೇ ಬೇಗ ಒಣಗುತ್ತದೆ. ಆಮೇಲೆ ಬಟ್ಟೆ, ಆಮೇಲೆ ಎಣ್ಣೆ. 1920ರ ದಶಕದ ಕೊನೆಯ ಹೊತ್ತಿಗೆ ಜರ್ಮನಿಯಲ್ಲಿ ತುಕ್ಕು ತರದ ಹೊಸ ಕಿಡಿಮದ್ದು ಬಂದಿತ್ತು. ಆದರೆ ಹಳೆಯ ದಾಸ್ತಾನಿನ ತೋಟಾ ಹಾರಿಸಿದ ಹಳೆಯ ರೈಫಲಿಗೆ ಇಂದಿಗೂ ನೀರೇ ಮದ್ದು.

ಎನ್.ಸಿ.ಸಿ.ಯಲ್ಲಿದ್ದವರಿಗೆ 'ಪುಲ್‌ಥ್ರೂ' ಮತ್ತು 'ಚಿಂದಿ' ನೆನಪಿರಬೇಕು. ಒರೆಸುವುದಕ್ಕೆ ನಾಲ್ಕು ಅಂಗುಲ ಉದ್ದ ಎರಡು ಅಂಗುಲ ಅಗಲದ ಚಿಂದಿ, ಎಣ್ಣೆಗೆ ನಾಲ್ಕಕ್ಕೆ ಒಂದೂವರೆ ಅಂಗುಲದ್ದು. ಎಣ್ಣೆಯ ಚಿಂದಿ ಯಾಕೆ ಚಿಕ್ಕದು? ಬಿಗಿಯಾದ ಚಿಂದಿ ಎಣ್ಣೆಯನ್ನು ಹಿಂಡಿ ಹೊರಹಾಕುತ್ತದೆ, ಸಡಿಲವಾದದ್ದು ತೆಳ್ಳಗೆ ಬಳಿಯುತ್ತದೆ. ಅಷ್ಟು ಸಣ್ಣ ಲೆಕ್ಕದ ಹಿಂದೆಯೂ ಕಾರಣವಿತ್ತು.

ಮರದ ಹಿಡಿಗೆ ಬೇರೆಯೇ ಆರೈಕೆ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದಕ್ಕೆ ಅಗಸೆ ಎಣ್ಣೆ ಉಣಿಸುತ್ತಿದ್ದರು. ನಮ್ಮ ಎರೆ ಹೊಲದಲ್ಲಿ ಬೆಳೆದು, ಚಟ್ನಿಯಾಗಿ ರೊಟ್ಟಿಯ ಮಗ್ಗುಲಿಗೆ ಬರುವ ಅದೇ ಅಗಸೆ. ಆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಮರಕ್ಕೆ ಕವಚವಾಗುತ್ತದೆ. ಹೀಗೆ ಗಟ್ಟಿಯಾಗುವಾಗ ಬಿಸಿಯೂ ಹುಟ್ಟುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಅದು ತಾನೇ ಹೊತ್ತಿಕೊಳ್ಳಬಹುದು. ಅದನ್ನು ಹರವಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ನೆನೆಸಿಡಬೇಕು.

ಆರನೆಯ ವಸ್ತು

ನೈಲಾನನ್ನು ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕ್ಯಾರೋದರ್ಸ್ 1935ರಲ್ಲಿ ತಯಾರಿಸಿದ. ಕಾಲುಚೀಲ, ಹಲ್ಲುಜ್ಜುವ ಬ್ರಷ್ಷು, ಮೀನಿನ ಬಲೆ ಎಲ್ಲವೂ ಆದ ಮೇಲೆ 1959ರಲ್ಲಿ ರೆಮಿಂಗ್ಟನ್ ಕಂಪನಿ ನೈಲಾನ್ ಹಿಡಿಯ ಒಂದು .22 ರೈಫಲನ್ನು ಮಾರುಕಟ್ಟೆಗೆ ತಂದಿತು. ಹೆಸರು 'ನೈಲಾನ್ 66'. ಮರದ ಹಿಡಿಯಿಲ್ಲದ ಇದನ್ನು ಯಾರು ಕೊಂಡಾರು ಎಂದವರಿದ್ದರು. ಹತ್ತು ಲಕ್ಷಕ್ಕೂ ಹೆಚ್ಚು ರೈಫಲುಗಳು ಮಾರಾಟವಾದವು! 1960ರ ದಶಕದಲ್ಲಿ ಅಮೆರಿಕದ ಸೈನ್ಯದ ಎಂ-16 ಕೂಡ ಪ್ಲಾಸ್ಟಿಕ್ ಹಿಡಿಯೊಡನೆ ಬಂತು. ನಮ್ಮ ಸೈನ್ಯಕ್ಕೆ 1990ರ ದಶಕದಲ್ಲಿ ಬಂದ ಇನ್ಸಾಸ್ ರೈಫಲಿನಲ್ಲೂ ಪ್ಲಾಸ್ಟಿಕ್ ಸೇರಿತು. 1999ರ ಕಾರ್ಗಿಲ್ ಚಳಿಯಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಜೀನುಗಳು ಬಿರುಕು ಬಿಟ್ಟವೆಂಬ ದೂರುಗಳಿದ್ದವು.

ಅಂದರೆ ಪ್ಲಾಸ್ಟಿಕ್ ಹಿಡಿಯ ರೈಫಲು ಈಗ ಹೊಸದಲ್ಲ. ಅದಕ್ಕೂ ಅರವತ್ತು ದಾಟಿದೆ. ಮರ ಒಡೆದದ್ದಕ್ಕೆ ಅದನ್ನು ತೆಗೆದು ಪ್ಲಾಸ್ಟಿಕ್ ಹಿಡಿ ಹಾಕಿಸಿದ ಹಳೆಯ ರೈಫಲುಗಳೂ ಉಂಟು. ಇಂಥ ಬಂದೂಕಿನ ಮಾಲೀಕರು ಮೋಸ ಹೋಗುವುದು ಎಲ್ಲಿ? ಪ್ಲಾಸ್ಟಿಕ್ ಉಬ್ಬಿ ಸೊಟ್ಟಗಾಗುವುದಿಲ್ಲ, ಗೆದ್ದಲು ಹತ್ತುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೊಸದರಂತೆ ಕಾಣುತ್ತದೆ. ಹೊರಗೆ ಹೊಸದು ಕಂಡದ್ದರಿಂದ ಒಳಗೂ ಸರಿಯಿದೆ ಎಂದು ನಂಬುತ್ತೇವೆ. ಆದರೆ ನಳಿಗೆ ಅದೇ ಹಳೆಯ ಕಬ್ಬಿಣ. ನಳಿಗೆ ಹಿಡಿಯೊಳಗೆ ಕೂತಿರುವ ಜಾಗದಲ್ಲಿ ನೀರು ಇಳಿದರೆ ಪ್ಲಾಸ್ಟಿಕ್ ಅದನ್ನು ಅಲ್ಲಿಯೇ ಹಿಡಿದಿಡುತ್ತದೆ. ಒಳಗೆ ಟೊಳ್ಳಾದ ಹಿಡಿಯಿದ್ದರೆ ನೀರು ಅಲ್ಲೂ ನಿಲ್ಲುತ್ತದೆ. ತುಕ್ಕು ಕಣ್ಣಿಗೆ ಕಾಣದ ಕಡೆಯಲ್ಲೇ ಬೆಳೆಯುತ್ತದೆ.

ಮೊದಲು ಖಾಲಿ, ಆಮೇಲೆ ಶುಚಿ

ಹಾಗಾದರೆ ಹಳೆಯ ರೈಫಲನ್ನು ಶುಚಿಮಾಡುವ ಕ್ರಮ ಯಾವುದು? ಮೊದಲ ಕೆಲಸ ಎಣ್ಣೆಯದಲ್ಲ, ಬಟ್ಟೆಯದಲ್ಲ. ಬಂದೂಕು ಖಾಲಿಯಿದೆಯೇ ಎಂದು ನೋಡುವುದು. 1863ರಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್ ಯುದ್ಧಭೂಮಿಯಲ್ಲಿ ಸುಮಾರು 27,500 ಬಂದೂಕುಗಳನ್ನು ಆರಿಸಿ ತಂದರು. ಅವುಗಳಲ್ಲಿ ಸುಮಾರು 24,000 ತುಂಬಿದ ಸ್ಥಿತಿಯಲ್ಲೇ ಇದ್ದವೆಂದು ದಾಖಲೆ ಹೇಳುತ್ತದೆ. ಒಣಗಿದ ಕರಿ ಮದ್ದು ವರ್ಷಗಟ್ಟಲೆ ಸಾಯುವುದಿಲ್ಲ. ಅಜ್ಜ ತುಂಬಿಟ್ಟದ್ದು ಮೊಮ್ಮಗನ ಕೈಯಲ್ಲಿ ಹಾರಬಹುದು.

ಬಾಯಿಂದ ಮದ್ದು ತುಂಬುವ ಬಂದೂಕಾದರೆ ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ, ನೀವೂ ಅದರ ಎದುರು ಬಾರದೆ, ಕಡ್ಡಿಯನ್ನು ಮೆಲ್ಲಗೆ ಇಳಿಬಿಟ್ಟು ಎಷ್ಟು ಆಳ ಹೋಯಿತೆಂದು ಗುರುತು ಮಾಡಿಕೊಳ್ಳಿ. ಅದೇ ಕಡ್ಡಿಯನ್ನು ನಳಿಗೆಯ ಹೊರಗೆ ಹಿಡಿದು ಅಳೆಯಿರಿ. ಬುಡದ ತನಕ ಹೋಗದಿದ್ದರೆ ಒಳಗೆ ಏನೋ ಇದೆ. ಕೆದಕಬೇಡಿ, ಬಿಸಿ ಮಾಡಬೇಡಿ. ಪೊಲೀಸ್ ಠಾಣೆಗೆ ತಿಳಿಸಿ, ಪರವಾನಗಿಯುಳ್ಳ ಬಂದೂಕು ರಿಪೇರಿಯವರಿಗೆ ಒಪ್ಪಿಸಿ.

ಬೋಲ್ಟ್ ಇರುವ ರೈಫಲಾದರೆ ಮ್ಯಾಗಜೀನು ತೆಗೆಯಿರಿ, ಬೋಲ್ಟನ್ನು ಹಿಂದಕ್ಕೆಳೆಯಿರಿ, ತೋಟಾ ಕೂರುವ ಜಾಗವನ್ನು ಕಣ್ಣಿಂದ ನೋಡಿ, ಬೆರಳಿನಿಂದ ಮುಟ್ಟಿ ನೋಡಿ. ಕ್ರಮ ತಪ್ಪಬಾರದು. ಬೋಲ್ಟ್ ಮೊದಲು ಎಳೆದು ಮುಚ್ಚಿ ಆಮೇಲೆ ಮ್ಯಾಗಜೀನು ತೆಗೆದರೆ ಒಂದು ತೋಟಾ ಒಳಗೇ ಉಳಿಯುತ್ತದೆ. ನೈಲಾನ್ 66ರಂಥ ಕೆಲವು ರೈಫಲುಗಳಲ್ಲಿ ತೋಟಾದ ಕೊಳವೆ ಹಿಡಿಯ ಒಳಗೇ ಇದೆ. ಕೊಳವೆ ಹೊರತೆಗೆದರೂ ಒಂದು ತೋಟಾ ಒಳಗೆ ಸಿಕ್ಕಿರಬಹುದು. ತೋಟಾಗಳು ಆ ಹೊತ್ತಿನಲ್ಲಿ ಆ ಕೋಣೆಯಲ್ಲೇ ಇರಬಾರದು. ಮಕ್ಕಳೂ ಇರಬಾರದು.

ಕೆಲಸ ಗಾಳಿಯಾಡುವ ಕಡೆ ನಡೆಯಲಿ, ಅಡಿಗೆಮನೆಯಲ್ಲಿ ಬೇಡ. ಮಸಿಯಲ್ಲಿ ಸೀಸವಿರುತ್ತದೆ. ಬೋಲ್ಟ್ ತೆಗೆಯಬಹುದಾದರೆ ತೆಗೆದು, ಕಡ್ಡಿಯನ್ನು ತೋಟಾ ಕೂರುವ ಕಡೆಯಿಂದ ಬಾಯಿಯ ಕಡೆಗೆ ತಳ್ಳಿ. ಬಾಯಿಯ ಅಂಚಿನ ಗೆರೆಗಳು ಸವೆದರೆ ಗುರಿ ಕೆಡುತ್ತದೆ. ಹಳೆಯ ತೋಟಾ ಹಾರಿಸಿದ್ದರೆ ನಳಿಗೆಯನ್ನು ಹಿಡಿಯಿಂದ ಬಿಡಿಸಿಕೊಂಡು ಬಿಸಿ ನೀರು ಹಾಯಿಸಿ, ಪೂರ್ತಿ ಒಣಗಿಸಿ, ಮಸಿ ಕರಗಿಸುವ ದ್ರವ ಹಚ್ಚಿ, ಒಣ ಚಿಂದಿ ಬಿಳಿಯಾಗಿ ಹೊರಬರುವ ತನಕ ಎಳೆಯಿರಿ. ಕೊನೆಗೆ ತೆಳ್ಳಗೆ ಎಣ್ಣೆ. ಹೆಚ್ಚು ಎಣ್ಣೆ ಹಚ್ಚಿದರೆ ನಮ್ಮ ಎರೆ ಭೂಮಿಯ ಧೂಳು ಅದಕ್ಕಂಟಿ ಅರೆಯುವ ಪುಡಿಯಾಗುತ್ತದೆ. ಮತ್ತೆ ಹಾರಿಸುವ ಮುನ್ನ ನಳಿಗೆಯೊಳಗಿನ ಎಣ್ಣೆಯನ್ನು ಒಣ ಚಿಂದಿಯಿಂದ ತೆಗೆಯಬೇಕು.

ಪ್ಲಾಸ್ಟಿಕ್ ಹಿಡಿಗೆ ಬೇಕಾದದ್ದು ಹದ ಸಾಬೂನಿನ ನೀರಿನಲ್ಲಿ ಹಿಂಡಿದ ಬಟ್ಟೆ, ಆಮೇಲೆ ಒಣ ಬಟ್ಟೆ. ಪೆಟ್ರೋಲು, ತಿನ್ನರು, ಉಗುರು ಬಣ್ಣ ತೆಗೆಯುವ ಅಸಿಟೋನು ಹಚ್ಚಬೇಡಿ. ನೈಲಾನು ತಾಳಿಕೊಂಡರೂ ಬೇರೆ ಪ್ಲಾಸ್ಟಿಕ್ಕುಗಳು ಮೆತ್ತಗಾಗುತ್ತವೆ, ಬಿರುಕು ಬಿಡುತ್ತವೆ. ನಿಮ್ಮ ಹಿಡಿ ಯಾವ ಪ್ಲಾಸ್ಟಿಕ್ಕಿನದೆಂದು ಕಣ್ಣಿನಿಂದ ಹೇಳಲಾಗದು. ನಳಿಗೆಗೆ ಹಚ್ಚುವ ದ್ರವವೂ ಹಿಡಿಯ ಮೇಲೆ ಸುರಿಯದಿರಲಿ. ಅಗಸೆ ಎಣ್ಣೆ ಇದಕ್ಕೆ ಬೇಡವೇ ಬೇಡ; ಒಳಗೆ ಹೋಗದೆ ಅಂಟಂಟಾಗಿ ಉಳಿಯುತ್ತದೆ. ವರ್ಷಕ್ಕೊಮ್ಮೆಯಾದರೂ ತಿಳಿದವರ ಕೈಯಲ್ಲಿ ನಳಿಗೆಯನ್ನು ಹಿಡಿಯಿಂದ ಬಿಡಿಸಿ, ಕೂಡುವ ಜಾಗ, ತಿರುಪು, ಬಿರುಕು ಮೂರನ್ನೂ ನೋಡಿಸಿ. ಬಿರುಕು ಕಂಡರೆ ಆ ಬಂದೂಕು ಹಾರಿಸಬಾರದು. ಕೆಲಸ ಮುಗಿದ ಮೇಲೆ ಕೈಯನ್ನು ಸಾಬೂನು ಹಚ್ಚಿ ತೊಳೆಯಿರಿ.

ಇನ್ನು ಖಂಡೇ ಪೂಜೆಯ ಮಾತು. ಭಕ್ತಿಗೆ ಅಡ್ಡಿಯಿಲ್ಲ. ಆದರೆ ನಿಂಬೆಹಣ್ಣಿನ ರಸ ಹುಳಿ, ತೆಂಗಿನಕಾಯಿಯ ನೀರಿನಲ್ಲಿ ಉಪ್ಪಿನಂಶ, ಒದ್ದೆ ಕುಂಕುಮ ಭಂಡಾರದಲ್ಲಿ ತೇವ. ಕಬ್ಬಿಣದ ಮೇಲೆ ಇವು ಒಂದು ರಾತ್ರಿ ಉಳಿದರೂ ಬೆಳಗಿಗೆ ಕಲೆ ಬೀಳುತ್ತದೆ. ಕುಂಕುಮವನ್ನು ಹಿಡಿಗೆ ಹಚ್ಚಿ, ನಳಿಗೆಗೆ ಬೇಡ. ಪೂಜೆ ಇಳಿಸಿದ ಕೂಡಲೇ ಒರೆಸಿ ಎಣ್ಣೆ ಸವರಿ. ಪೂಜೆಗಿಡುವ ಬಂದೂಕು ಖಾಲಿಯಿರಲಿ, ಬೋಲ್ಟ್ ತೆರೆದಿರಲಿ. ಸಂಭ್ರಮಕ್ಕೆಂದು ಗಾಳಿಯಲ್ಲಿ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ.

ಚುನಾವಣೆಯ ಕಾಲದಲ್ಲಿ ಬಂದೂಕನ್ನು ಠಾಣೆಯಲ್ಲಿ ಒಪ್ಪಿಸುವಾಗಲೂ ಇದೇ ಮಾತು. ಶುಚಿಮಾಡಿ, ಎಣ್ಣೆ ಸವರಿ ಕೊಡಿ. ತಿಂಗಳುಗಟ್ಟಲೆ ಅದು ನಿಂತಲ್ಲೇ ನಿಂತಿರುತ್ತದೆ. ಮರಳಿ ಬಂದ ದಿನ ಮತ್ತೆ ನೋಡಿ. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ, ಚರ್ಮ ತೇವ ಹಿಡಿಯುತ್ತದೆ.

ಕೊನೆಯದಾಗಿ ಒಂದು ಮಾತು. ಪರವಾನಗಿ ಇದ್ದ ಹಿರಿಯರು ತೀರಿಕೊಂಡ ಮೇಲೆ ಅವರ ಬಂದೂಕನ್ನು ಅಟ್ಟದ ಮೇಲೆ ಇಟ್ಟು ಮರೆಯುವ ಮನೆಗಳಿವೆ. ಪರವಾನಗಿ ಆ ವ್ಯಕ್ತಿಯದು, ಮನೆಯದಲ್ಲ. ಬಂದೂಕನ್ನು ಹತ್ತಿರದ ಠಾಣೆಯಲ್ಲೋ ಪರವಾನಗಿಯುಳ್ಳ ವ್ಯಾಪಾರಿಯಲ್ಲೋ ಒಪ್ಪಿಸಿ, ಬೇಕಾದವರು ಹೊಸದಾಗಿ ಅರ್ಜಿ ಹಾಕಬೇಕು. ಈ ಬರಹ ಓದಿದ ಮೇಲೆ ನಿಮ್ಮ ಅಟ್ಟದಲ್ಲಿ ಅಂಥದೊಂದು ಇದೆಯೆಂದು ನೆನಪಾದರೆ, ಶುಚಿಮಾಡುವುದಕ್ಕೆಂದು ನೀವೇ ಕೈಹಾಕಬೇಡಿ. ಅದು ಖಾಲಿಯಿದೆಯೆಂದು ನಿಮಗೆ ಯಾರು ಹೇಳಿದ್ದಾರೆ? ಮೊದಲು ಠಾಣೆಗೆ ತಿಳಿಸಿ.